ಮನೆಗಳಲ್ಲಿ ಉಳಿದ ಗಳಿಗೆಬಟ್ಟಲು

ಕಾಲವನ್ನು ಹೇಳುವ ಮಾತುಗಳಲ್ಲಿ ಒಮ್ಮೆ ಕಾಲವನ್ನು ಅಳೆದ ಪಾತ್ರೆಗಳೇ ಅಡಗಿರುವವು. ಹಲಗೇರಿ, ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳ ಜನರು ೬೦ ನಿಮಿಷಗಳ ಅವಧಿಗೆ 'ತಾಸು' ಎನ್ನುವರು. ಮರಾಠಿಯ ಮುಖಾಂತರ ಕನ್ನಡಕ್ಕೆ ಬಂದ ಈ ಶಬ್ದವು ಮೂಲದಲ್ಲಿ ಪಾರಸಿಯ 'ತಾಸ್'. ಅದರ ಅರ್ಥವು ಬಟ್ಟಲು. 'ಗಡಿಯಾರ'ವೆಂಬ ಮಾತಿನ ಬುಡದಲ್ಲಿಯೂ ಸಂಸ್ಕೃತದ 'ಘಟೀ' ಎಂಬ ಚಿಕ್ಕ ಗಡಿಗೆಯೇ ಇದೆ. ಕೈಗಡಿಯಾರವನ್ನು ನೋಡಿ 'ಎರಡು ತಾಸಾಯಿತು' ಎನ್ನುವವನು ತನಗರಿಯದೆಯೇ ನೀರಿನಲ್ಲಿ ಮುಳುಗುವ ಒಂದು ತಾಮ್ರದ ಬಟ್ಟಲನ್ನು ಸ್ಮರಿಸುತ್ತಿರುವನು. ಆ ಬಟ್ಟಲೇ ಗಳಿಗೆಬಟ್ಟಲು.

ಇದರ ರಚನೆಯು ಅತ್ಯಂತ ಸರಳವಾದುದು. ಅರ್ಧಗೋಲಾಕಾರದ ತೆಳುವಾದ ಬಟ್ಟಲು; ಅದರ ತಳದ ನಡುವೆ ಒಂದು ಸೂಕ್ಷ್ಮ ರಂಧ್ರ. ಅಗಲವಾದ ಪಾತ್ರೆಯಲ್ಲಿ ತಿಳಿನೀರನ್ನು ತುಂಬಿ ಬಟ್ಟಲನ್ನು ಅದರ ಮೇಲೆ ತೇಲಬಿಟ್ಟರೆ ನೀರು ರಂಧ್ರದಿಂದ ಮೆಲ್ಲಮೆಲ್ಲನೆ ಒಳಸೇರಿ, ತುಂಬಿದೊಡನೆ ಬಟ್ಟಲು ಮುಳುಗುವದು. ಆ ಅವಧಿಯೇ ಒಂದು ಗಳಿಗೆ, ಎಂದರೆ ೨೪ ನಿಮಿಷ. ಅಹೋರಾತ್ರಕ್ಕೆ ೬೦ ಗಳಿಗೆ, ಜಾವಕ್ಕೆ ೭½ ಗಳಿಗೆ, ತಾಸಿಗೆ ೨½ ಗಳಿಗೆ ಎಂಬ ಲೆಕ್ಕವೆಲ್ಲ ಇದನ್ನೇ ಆಧರಿಸಿ ನಿಂತಿರುವದು. ತಾಮ್ರದ ಪಾತ್ರೆಯು ಹಗಲಿರುಳಿನಲ್ಲಿ ಅರವತ್ತು ಸಲ ಮುಳುಗತಕ್ಕದ್ದೆಂಬ ವಿಧಿಯು ಸೂರ್ಯಸಿದ್ಧಾಂತದಲ್ಲಿಯೇ ಇದೆ.

ಬಟ್ಟಲಿನ ಅಳತೆಯ ವಿಷಯದಲ್ಲಿ ಆಚಾರ್ಯರೊಳಗೆ ಒಂದು ಸ್ವಾರಸ್ಯವಾದ ಮತಭೇದವಿರುವದು. ಹತ್ತು ಪಲ ತಾಮ್ರ, ಹನ್ನೆರಡಂಗುಲ ಬಾಯಿ, ಆರಂಗುಲ ಎತ್ತರ. ೩⅓ ಮಾಷ ತೂಕದ ಬಂಗಾರವನ್ನು ನಾಲ್ಕಂಗುಲ ಉದ್ದಕ್ಕೆ ಎಳೆದ ಸೂಜಿಯಿಂದ ರಂಧ್ರ — ಹೀಗೆ ಲಲ್ಲಾಚಾರ್ಯನು ಕಟ್ಟುನಿಟ್ಟಾದ ಪ್ರಮಾಣಗಳನ್ನು ವಿಧಿಸಿದನು. ೧೧೫೦ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯನಾದರೋ ಇಂಥ ಪ್ರಮಾಣಗಳು ಯುಕ್ತಿಗೆ ನಿಲ್ಲುವಂಥವಲ್ಲ, ಅವುಗಳಂತೆ ಮಾಡುವದೂ ಕಷ್ಟವೆಂದು ಬದಿಗಿರಿಸಿದನು. ಬಟ್ಟಲು ಯಾವ ಅಳತೆಯದಾದರೂ ಆಗಲಿ, ರಂಧ್ರವು ಎಷ್ಟಾದರೂ ಇರಲಿ. ಅದು ಒಂದು ಅಹೋರಾತ್ರದಲ್ಲಿ ಎಷ್ಟು ಸಲ ಮುಳುಗುವದೆಂಬದನ್ನು ಎಣಿಸಿ, ಆ ಸಂಖ್ಯೆಯಿಂದ ಅಹೋರಾತ್ರವನ್ನು ಭಾಗಿಸಿದರೆ ಅದರ ಮಾನವು ತಾನಾಗಿ ದೊರೆಯುವದೆಂಬದು ಆತನ ಮತ. ಒಂದು ಬಟ್ಟಲು ೫೮ ಸಲ ಮುಳುಗಿದರೆ ಅದರ ಒಂದು ಮುಳುಗಿಗೆ ಸುಮಾರು ೨೪ ನಿಮಿಷ ೫೦ ಸೆಕೆಂಡು. ಬಟ್ಟಲು ಸುಳ್ಳಾಡುವದಿಲ್ಲ, ಅದರ ಮಾತನ್ನು ತಿಳಿದುಕೊಳ್ಳಬೇಕಷ್ಟೇ. ಯಂತ್ರಗಳನ್ನೆಲ್ಲ ವರ್ಣಿಸಿದ ಆ ಆಚಾರ್ಯನು ಕಡೆಗೆ ಬುದ್ಧಿಯೇ ಎಲ್ಲಕ್ಕೂ ಮಿಗಿಲಾದ ಯಂತ್ರವೆಂದುದು ಈ ವಿಚಾರಸರಣಿಗೆ ಒಪ್ಪುವಂತೆಯೇ ಇರುವದು.

ಭಾಸ್ಕರನ ಹೆಸರಿನೊಂದಿಗೆ ಈ ಬಟ್ಟಲಿನ ಕಥೆಯೊಂದು ಸೇರಿಕೊಂಡಿರುವದು. ಮಗಳು ಲೀಲಾವತಿಯ ವಿವಾಹಮುಹೂರ್ತಕ್ಕಾಗಿ ಬಟ್ಟಲನ್ನು ತೇಲಬಿಟ್ಟಿದ್ದಾಗ, ಕುತೂಹಲದಿಂದ ಬಾಗಿ ನೋಡಿದ ಅವಳ ಆಭರಣದ ಮುತ್ತೊಂದು ಒಳಗೆ ಬಿದ್ದು ರಂಧ್ರವನ್ನು ಮುಚ್ಚಿತು, ಬಟ್ಟಲು ಮುಳುಗಲಿಲ್ಲ, ಮುಹೂರ್ತವು ಮೀರಿತು. ಈ ಕಥೆಯು ಭಾಸ್ಕರನ ಗ್ರಂಥದಲ್ಲಿಲ್ಲ. ಅಕಬರನ ಆಸ್ಥಾನಕವಿ ಫೈಜಿಯು ೧೫೮೭ರಲ್ಲಿ ಮಾಡಿದ ಪಾರಸಿ ಭಾಷಾಂತರದ ಪೀಠಿಕೆಯಲ್ಲಿರುವದು. ಆದುದರಿಂದ ಅದನ್ನು ಇತಿಹಾಸವೆನ್ನಲಾಗದು. ಆದರೂ ಈ ಯಂತ್ರದ ಪ್ರಾಣವೆಲ್ಲ ಆ ಚಿಕ್ಕ ರಂಧ್ರದಲ್ಲಿರುವದೆಂಬ ಸತ್ಯವನ್ನು ಕಥೆಗಾರನು ಚೆನ್ನಾಗಿ ಅರಿತಿದ್ದನು.

ಕನ್ನಡನಾಡಿನ ಶಾಸನಗಳಲ್ಲಿ ಸಂಕ್ರಾಂತಿ, ವ್ಯತೀಪಾತ, ಗ್ರಹಣಕಾಲಗಳಲ್ಲಿ ಧಾರಾಪೂರ್ವಕವಾಗಿ ದಾನ ಕೊಟ್ಟ ಉಲ್ಲೇಖಗಳು ಹೇರಳವಾಗಿರುವವು. ಈ ಶಾಸನಗಳ ಅಭ್ಯಾಸದಲ್ಲಿ ಆಯುಷ್ಯವನ್ನು ಸವೆಸಿದ ಫ್ಲೀಟ್ ಪಂಡಿತನು ೧೮೮೨ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಬರೆದನು. ಮುಂದೆ ೧೯೧೫ರಲ್ಲಿ ಭಾರತದ ಪ್ರಾಚೀನ ಜಲಘಟಿಕೆಯನ್ನು ಕುರಿತೇ ಒಂದು ಲೇಖನವನ್ನು ಪ್ರಕಟಿಸಿದನು. ಶಾಸನಗಳ ತಿಥಿವಾರಗಳನ್ನು ಪರೀಕ್ಷಿಸುವವನು ಆ ಕಾಲವನ್ನು ಅಳೆದ ಯಂತ್ರವನ್ನೂ ಪರೀಕ್ಷಿಸಬೇಕಾದುದು ಸಹಜವೇ. ಆದರೆ ತಾಳಗುಂದದ ಶಾಸನದಲ್ಲಿ ಕದಂಬ ಮಯೂರಶರ್ಮನು ಕಂಚಿಯ ಘಟಿಕೆಗೆ ಹೋದನೆಂಬಲ್ಲಿ ಘಟಿಕೆಯೆಂದರೆ ವಿದ್ಯಾಸ್ಥಾನ. ಅದನ್ನು ಈ ಬಟ್ಟಲೆಂದು ಭ್ರಮಿಸಲಾಗದು.

ಗಳಿಗೆಬಟ್ಟಲಿನ ಜತೆಗಾರನು ಶಂಕು. ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿದ ಹನ್ನೆರಡಂಗುಲದ ಕಡ್ಡಿಯೇ ಶಂಕು. ರಾಣೆಬೆನ್ನೂರಿನ ಸೀಮೆಯು ಸುಮಾರು ೧೪½ ಅಂಶಗಳ ಉತ್ತರ ಅಕ್ಷಾಂಶದಲ್ಲಿರುವದರಿಂದ ವಿಷುವದಿನದ ಮಧ್ಯಾಹ್ನದಲ್ಲಿ ಇಲ್ಲಿ ಶಂಕುವಿನ ನೆರಳು ಮೂರಂಗುಲಕ್ಕಿಂತ ತುಸು ಹೆಚ್ಚಾಗಿರುವದು. ಎಪ್ರಿಲ್ ತಿಂಗಳ ಕೊನೆಗೊಮ್ಮೆ, ಆಗಸ್ಟ್ ತಿಂಗಳ ನಡುವಿನಲ್ಲೊಮ್ಮೆ ಸೂರ್ಯನು ನೆತ್ತಿಯ ಮೇಲೆ ಬಂದು ನೆರಳೇ ಇಲ್ಲವಾಗುವದು. ಹಗಲಿನಲ್ಲಿ ಶಂಕು, ಇರುಳಿನಲ್ಲಿಯೂ ಮೋಡದ ದಿನದಲ್ಲಿಯೂ ಬಟ್ಟಲು — ಇವೆರಡು ಇದ್ದರೆ ಗೃಹಸ್ಥನಿಗೆ ಕಾಲಜ್ಞಾನಕ್ಕಾಗಿ ಮತ್ತೊಬ್ಬರನ್ನು ಕೇಳುವ ಅವಶ್ಯಕತೆಯಿರಲಿಲ್ಲ. ಮದುವೆ ಮುಂಜಿಗಳಲ್ಲಿ ಪುರೋಹಿತನು ಸೂರ್ಯೋದಯಕ್ಕೆ ಬಟ್ಟಲನ್ನಿರಿಸಿ, ಗಂಧಾಕ್ಷತೆಗಳಿಂದ ಪೂಜಿಸಿ, ಮುಳುಗುಗಳನ್ನು ಎಣಿಸುತ್ತಿದ್ದನು. ಆ ಕಾಲವು ಆ ಊರಿನ ಸೂರ್ಯನದೇ ಆಗಿತ್ತು.

ಈ ಸ್ಥಿತಿಯು ಬದಲಾದುದು ಉಗಿಬಂಡಿಯಿಂದ. ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಾದಿಯು ಹುಬ್ಬಳ್ಳಿಯಿಂದ ಹರಿಹರಕ್ಕೆ ಹೊರಟು, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಹಾಯ್ದಿತು. ರೈಲುಗಳು ನಡೆಯುತ್ತಿದ್ದುದು ಮದ್ರಾಸಿನ ಕಾಲದ ಮೇರೆಗೆ. ಅದು ರಾಣೆಬೆನ್ನೂರಿನ ಸೂರ್ಯನಿಗಿಂತ ಸುಮಾರು ೧೮ ನಿಮಿಷ ಮುಂದೆ. ೧೯೦೬ರ ಜನವರಿ ೧ರಿಂದ ಇಡೀ ದೇಶಕ್ಕೆ ಒಂದೇ ಕಾಲವು ಗೊತ್ತಾದ ಮೇಲೆ ಈ ಅಂತರವು ಸುಮಾರು ೨೭ ನಿಮಿಷಗಳಾಯಿತು. ಎಂದರೆ ಒಂದು ಗಳಿಗೆಗಿಂತಲೂ ಹೆಚ್ಚು. ಬಟ್ಟಲು ಅವಧಿಯನ್ನು ತಪ್ಪದೆ ಅಳೆಯುತ್ತಿದ್ದರೂ, ಊರ ಸೂರ್ಯನಿಂದ ಎಣಿಸಿದ ಅದರ ಹೊತ್ತು ಸ್ಟೇಶನ್ನಿನ ಹೊತ್ತಿಗೆ ಹೊಂದದಾಯಿತು. ರೈಲು ಬಟ್ಟಲಿಗಾಗಿ ಕಾಯುವದಿಲ್ಲವಷ್ಟೆ. ಗೋಡೆಗಡಿಯಾರವು ಪಡಸಾಲೆಗೆ ಬಂದಿತು. ಬಟ್ಟಲು ದೇವರಮನೆಯ ಗೂಡನ್ನು ಸೇರಿತು. ಅಲ್ಲಿಂದ ಎಷ್ಟೋ ಕಡೆ ಹಳೆಯ ತಾಮ್ರದ ತೂಕಕ್ಕೆ ಬೋಗಾರನ ಅಂಗಡಿಯನ್ನೂ ಸೇರಿತು.

ಇತ್ತೀಚೆಗೆ ಕಾಲವು ಮತ್ತೊಮ್ಮೆ ಹೊರಳಿರುವದು. ಹಳೆಯ ಯಂತ್ರಗಳನ್ನು ಸಂಗ್ರಹಿಸಿ ಪಡಸಾಲೆಯನ್ನು ಅಲಂಕರಿಸುವ ಅಭಿರುಚಿಯು ಸುಶಿಕ್ಷಿತ ಕುಟುಂಬಗಳಲ್ಲಿ ಬೆಳೆದಿರುವದು. ದಿಕ್ಸೂಚಿ, ದುರ್ಬೀನು, ಭೂಮಾಪನದ ಥಿಯೋಡೊಲೈಟು, ನಾವಿಕರ ಸೆಕ್ಸ್ಟಂಟು — ಇವು ಕಪಾಟುಗಳಲ್ಲಿ ಮೆರೆಯುತ್ತಿರುವವು. ಇವುಗಳಲ್ಲಿ ಹಲವು ಹಳೆಯವುಗಳಂತೆ ತೋರುವ ಹಾಗೆ ಹೊಸದಾಗಿ ಎರಕ ಹೊಯ್ದವು. ಅಂಶಗಳ ಗೆರೆಗಳು ಒರಟಾಗಿಯೂ ಕನ್ನಡಿಗಳು ಅಲುಗದಂತೆಯೂ ಇದ್ದರೆ ಅದು ಅಳತೆಗಾಗಿ ಹುಟ್ಟಿದ ವಸ್ತುವಲ್ಲವೆಂದು ತಿಳಿಯಬಹುದು. ಕಡಲನ್ನು ಕಾಣದ ಹಲಗೇರಿಯಂಥ ಊರಿನ ಮನೆಯಲ್ಲಿ ಸೆಕ್ಸ್ಟಂಟಿಗೆ ಮಾಡತಕ್ಕ ಕೆಲಸವಾದರೂ ಯಾವದು? ಅದೇ ಮನೆಯ ಅಟ್ಟದಲ್ಲಿ ಅಜ್ಜನ ಗಳಿಗೆಬಟ್ಟಲು ಮಸಿ ಹಿಡಿದು ಬಿದ್ದಿರಬಹುದು. ದುಡ್ಡು ಕೊಟ್ಟು ತಂದುದಕ್ಕೆ ಗಾಜಿನ ಕಪಾಟು, ಹಿರಿಯರು ಬಿಟ್ಟುಹೋದುದಕ್ಕೆ ಅಟ್ಟ ಎಂಬುದು ನ್ಯಾಯವಲ್ಲ.

ಅಲಂಕಾರವು ದೋಷವೆಂದಲ್ಲ. ಕಣ್ಣೆದುರಿಗಿದ್ದ ವಸ್ತುವು ಬೋಗಾರನ ಕುಲುಮೆಯಿಂದ ಪಾರಾಗುವದು. ಮಕ್ಕಳು ಇದೇನೆಂದು ಕೇಳುವರು. ಆದರೆ ಅಲಂಕಾರದ ಭರದಲ್ಲಿ ಯಂತ್ರವು ಕೆಡಬಾರದು. ಹುಣಸೆಹಣ್ಣು ಬೂದಿಗಳಿಂದ ತಿಕ್ಕಿ ಹೊಳಪೇರಿಸಿದಷ್ಟೂ ತಾಮ್ರವು ಸವೆದು ಬಟ್ಟಲು ಹಗುರಾಗುವದು; ಕಿಲುಬು ತೆಗೆಯಲೆಂದು ರಂಧ್ರದಲ್ಲಿ ಸೂಜಿಯಾಡಿಸಿದರೆ ರಂಧ್ರವು ಹಿಗ್ಗಿ ಗಳಿಗೆಯು ಕುಗ್ಗುವದು; ಬೆಸುಗೆ ಹಾಕಿ ಮುಚ್ಚಿದರೆ ಯಂತ್ರವು ಸತ್ತು ಬರಿಯ ಪಾತ್ರೆಯುಳಿಯುವದು. ತಿಳಿನೀರಿನಿಂದ ತೊಳೆದು ಮೆತ್ತನೆಯ ಅರಿವೆಯಿಂದ ಒರಸಿದರೆ ಸಾಕು. ವರ್ಷಕ್ಕೊಮ್ಮೆಯಾದರೂ ಅದನ್ನು ತೇಲಬಿಟ್ಟು, ಎಷ್ಟು ನಿಮಿಷಕ್ಕೆ ಮುಳುಗಿತೆಂಬದನ್ನು ಬರೆದಿಡತಕ್ಕದ್ದು. ತಣ್ಣೀರು ರಂಧ್ರದಲ್ಲಿ ನಿಧಾನವಾಗಿ ಹರಿಯುವದರಿಂದ ಚಳಿಗಾಲದ ಬೆಳಗಿಗೂ ಬೇಸಿಗೆಯ ಮಧ್ಯಾಹ್ನಕ್ಕೂ ತುಸು ವ್ಯತ್ಯಾಸ ಕಂಡರೆ ಅದು ಬಟ್ಟಲಿನ ದೋಷವಲ್ಲ.

ನೂರು ವರ್ಷ ಮೀರಿದ ಇಂಥ ವಸ್ತುಗಳು ೧೯೭೨ರ ಪ್ರಾಚೀನವಸ್ತುಗಳ ಕಾಯದೆಯ ವ್ಯಾಪ್ತಿಗೆ ಬರುವದರಿಂದ ಖಾಸಗಿಯವರು ಅವನ್ನು ಪರದೇಶಕ್ಕೆ ಸಾಗಿಸುವಂತಿಲ್ಲ. ಕಾಯದೆಯು ಗಡಿಯನ್ನು ಕಾಯಬಲ್ಲದು, ಅಟ್ಟವನ್ನು ಕಾಯಲಾರದು. ಶ್ರೀರಾಮುಲ ರಾಜೇಶ್ವರ ಶರ್ಮರಂಥ ವಿದ್ವಾಂಸರು ಭಾರತೀಯ ಜ್ಯೋತಿಷಯಂತ್ರಗಳನ್ನು ಹುಡುಕಿ ಸವಿಸ್ತರವಾದ ಸೂಚಿಯನ್ನೇ ಸಿದ್ಧಪಡಿಸಿರುವರು. ಆದರೆ ಮನೆಮನೆಯ ಬಟ್ಟಲನ್ನು ಬಲ್ಲವರು ಮನೆಯವರೇ. ಇದು ಯಾರದು, ಯಾವ ಊರಿನಿಂದ ಬಂದಿತು, ಯಾರ ಮದುವೆಯಲ್ಲಿ ತೇಲಿತು, ಎಷ್ಟು ನಿಮಿಷಕ್ಕೆ ಮುಳುಗುವದು — ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಬಟ್ಟಲಿನೊಡನೆ ಇಟ್ಟರೆ ಅದು ಇತಿಹಾಸದ ಸಾಮಗ್ರಿಯಾಗುವದು. ಬರೆಯದಿದ್ದರೆ ಬಲ್ಲ ಹಿರಿಯರೊಡನೆ ಆ ಸಂಗತಿಯೂ ಹೋಗಿಬಿಡುವದು. ತಳದಲ್ಲಿ ತೂತಿರುವ ಪಾತ್ರೆಯೆಂದು ಮುಂದಿನವರು ಅದನ್ನು ಹೊರಗೆ ಹಾಕಿದರೆ ಅವರನ್ನು ದೂರುವಂತಿಲ್ಲ.