ಒರಟು ಬಳಕೆಯ ಲಿನಕ್ಸ್ ಲ್ಯಾಪ್‌ಟಾಪ್

ಒರಟು ಬಳಕೆಯ ಲಿನಕ್ಸ್ ಲ್ಯಾಪ್‌ಟಾಪ್ ಎಂದರೆ ಧೂಳು, ಮಳೆ, ಬಿಸಿಲು, ಕುಲುಕಾಟ, ಬೀಳುವಿಕೆ ಹಾಗೂ ಅನಿಶ್ಚಿತ ವಿದ್ಯುತ್ ಪೂರೈಕೆಯ ನಡುವೆ ಕೆಲಸ ಮಾಡುವವರು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸಿಕೊಂಡು ಬಳಸುವ ಗಣಕಯಂತ್ರ. ಭೂಮಾಪಕರು, ಭೂವಿಜ್ಞಾನಿಗಳು, ಅರಣ್ಯ ಸಿಬ್ಬಂದಿ, ನಾವಿಕರು, ಯಂತ್ರ ದುರಸ್ತಿಗಾರರು, ಊರೂರು ತಿರುಗಿ ಮಾಹಿತಿ ಸಂಗ್ರಹಿಸುವ ಸಂಶೋಧಕರು ಇದರ ಮುಖ್ಯ ಬಳಕೆದಾರರು. ಇಂತಹ ಕೆಲಸದ ನಡುವೆ ಯಂತ್ರ ಕೆಟ್ಟರೆ ಆಗುವ ನಷ್ಟ ಅದರ ಬೆಲೆಯಷ್ಟೇ ಅಲ್ಲ. ಒಂದು ಮಳೆಗಾಲದ ಅಳತೆಗಳನ್ನು, ತೀರಿಕೊಂಡ ಹಿರಿಯರೊಬ್ಬರ ಧ್ವನಿಮುದ್ರಣವನ್ನು ಎರಡನೆಯ ಬಾರಿ ಪಡೆಯಲಾಗದು. ಆದುದರಿಂದ ಹೊರಕವಚ ಎಷ್ಟು ಗಟ್ಟಿ ಎಂಬುದರ ಜೊತೆಗೆ, ಕೆಟ್ಟ ಭಾಗವನ್ನು ಸ್ಥಳದಲ್ಲೇ ಬದಲಾಯಿಸಬಹುದೇ, ವಿದ್ಯುತ್ ಹಠಾತ್ತನೆ ಹೋದರೆ ಕಡತಗಳು ಉಳಿಯುವವೇ ಎಂಬ ಪ್ರಶ್ನೆಗಳೂ ಆಯ್ಕೆಯಲ್ಲಿ ಅಷ್ಟೇ ಮುಖ್ಯವಾಗುತ್ತವೆ.

ಹಿನ್ನೆಲೆ

ಪ್ಯಾನಸೋನಿಕ್ ಸಂಸ್ಥೆಯು 1996ರಲ್ಲಿ ಟಫ್‌ಬುಕ್ ಸರಣಿಯ ಮೊದಲ ಮಾದರಿಯನ್ನು ಹೊರತಂದಿತು. ಮೆಗ್ನೀಸಿಯಮ್ ಮಿಶ್ರಲೋಹದ ಕವಚ ಈ ಸರಣಿಯ ಗುರುತಾಯಿತು. ತೈವಾನಿನ ಗೆಟಾಕ್ ಹಾಗೂ ಅಮೆರಿಕದ ಡೆಲ್ ಸಂಸ್ಥೆಗಳೂ ಇದೇ ವರ್ಗದ ಯಂತ್ರಗಳನ್ನು ತಯಾರಿಸುತ್ತವೆ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್ ಇದಕ್ಕಿಂತ ಐದು ವರ್ಷ ಹಿರಿದು. ಆದರೂ ಈ ಯಂತ್ರಗಳು ಸಾಮಾನ್ಯವಾಗಿ ವಿಂಡೋಸ್‌ನೊಂದಿಗೇ ಮಾರಾಟವಾಗುತ್ತ ಬಂದಿವೆ. ಲಿನಕ್ಸ್ ಅಳವಡಿಸುವ ಹೊಣೆ ಬಹುಮಟ್ಟಿಗೆ ಬಳಕೆದಾರನದೇ.

ಇದಕ್ಕೆ ದೊಡ್ಡ ಅಪವಾದವೆಂದರೆ ‘ಒಂದು ಮಗುವಿಗೆ ಒಂದು ಲ್ಯಾಪ್‌ಟಾಪ್’ ಯೋಜನೆಯ ಎಕ್ಸ್‌ಒ-1. ನಿಕೊಲಸ್ ನೆಗ್ರೊಪಾಂಟೆ ನೇತೃತ್ವದ ಈ ಯೋಜನೆಯ ಯಂತ್ರ 2007ರ ನವೆಂಬರಿನಲ್ಲಿ ಸಗಟು ಉತ್ಪಾದನೆಗೆ ಬಂದಿತು. ಅದರಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ, ಫ್ಯಾನ್ ಇರಲಿಲ್ಲ. 433 ಮೆಗಾಹರ್ಟ್ಸ್ ವೇಗದ ಸಂಸ್ಕಾರಕ, 256 ಎಂಬಿ ಮೆಮೊರಿ ಮತ್ತು 1 ಜಿಬಿ ಫ್ಲ್ಯಾಶ್ ಸಂಗ್ರಹ ಇದ್ದವು. ಕೀಲಿಮಣೆಗೆ ನೀರು ಇಳಿಯದಂತೆ ಒಂದೇ ರಬ್ಬರ್ ಹಾಳೆಯ ಹೊದಿಕೆಯಿತ್ತು. ಎರಡು ಕಿವಿಗಳಂತೆ ಮೇಲೇಳುತ್ತಿದ್ದ ಆಂಟೆನಾಗಳು ಮಡಚಿದಾಗ ಯುಎಸ್‌ಬಿ ಕಿಂಡಿಗಳನ್ನು ಮುಚ್ಚುತ್ತಿದ್ದವು. ಬಿಸಿಲಿನಲ್ಲಿ ಕಪ್ಪುಬಿಳುಪಾಗಿ ಸ್ಪಷ್ಟವಾಗಿ ಓದಲು ಬರುವ ಪರದೆಯನ್ನು ಮೇರಿ ಲೂ ಜೆಪ್ಸೆನ್ ರೂಪಿಸಿದ್ದರು. ಸಾಮಾನ್ಯ ಸ್ಕ್ರೂಡ್ರೈವರಿನಿಂದ ಬಿಚ್ಚಬಹುದಾದ ಈ ಯಂತ್ರದ ಹಿಡಿಕೆಯೊಳಗೆ ಹೆಚ್ಚುವರಿ ಸ್ಕ್ರೂಗಳನ್ನೂ ಇಟ್ಟಿದ್ದರು. ಶಾಲೆಯ ಡೆಸ್ಕಿನ ಮೇಲಿನಿಂದ ವಸ್ತುಗಳು ಎಷ್ಟು ಸಲ ಬೀಳುತ್ತವೆ ಎಂದು ಬಲ್ಲವರು ಮಾಡಿದ ವಿನ್ಯಾಸವಿದು. ಫೆಡೋರ ಆಧಾರಿತ ಲಿನಕ್ಸ್ ಮತ್ತು ಮಕ್ಕಳಿಗಾಗಿಯೇ ರಚಿಸಿದ ‘ಶುಗರ್’ ಪರಿಸರ ಅದರಲ್ಲಿದ್ದವು. ಉರುಗ್ವೆ ಮತ್ತು ಪೆರು ದೇಶಗಳಲ್ಲಿ ಇದು ವ್ಯಾಪಕವಾಗಿ ವಿತರಣೆಯಾಯಿತು. ಯೋಜನೆಯ ಶೈಕ್ಷಣಿಕ ಫಲದ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಆದರೆ ಯಂತ್ರ, ವ್ಯವಸ್ಥೆ ಮತ್ತು ಡೆಸ್ಕ್‌ಟಾಪ್ ಮೂರನ್ನೂ ಒಂದೇ ಉದ್ದೇಶಕ್ಕೆ ಹೊಂದಿಸಿದ ನಿದರ್ಶನವಾಗಿ ಅದು ಇಂದಿಗೂ ಗಮನಾರ್ಹ.

2013ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹಲವಾರು ಲ್ಯಾಪ್‌ಟಾಪ್‌ಗಳನ್ನು ವಿಂಡೋಸ್‌ನಿಂದ ಡೆಬಿಯನ್ 6ಕ್ಕೆ ವರ್ಗಾಯಿಸುವುದಾಗಿ ಪ್ರಕಟಿಸಲಾಯಿತು. ಸ್ಥಿರತೆ ಮತ್ತು ವ್ಯವಸ್ಥೆಯ ಮೇಲಿನ ಸ್ವಂತ ಹಿಡಿತ ಇದಕ್ಕೆ ನೀಡಿದ ಕಾರಣಗಳು.

ಗಟ್ಟಿತನದ ಮಾನದಂಡಗಳು

ಮಾರಾಟದ ಜಾಹೀರಾತುಗಳಲ್ಲಿ ಪದೇ ಪದೇ ಕಾಣುವ ‘ಮಿಲ್-ಎಸ್‌ಟಿಡಿ-810’ ಎಂಬುದು ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ವಿಧಾನಗಳ ಸಂಪುಟ. ಇದು ಮೊದಲು 1962ರಲ್ಲಿ ಪ್ರಕಟವಾಯಿತು. ಜಿ ಆವೃತ್ತಿ 2008ರಲ್ಲಿ, ಎಚ್ ಆವೃತ್ತಿ 2019ರಲ್ಲಿ ಬಂದವು. ಇದರಲ್ಲಿ ಎತ್ತರದ ಪ್ರದೇಶ, ತಾಪಮಾನ, ಆರ್ದ್ರತೆ, ಮರಳು, ಉಪ್ಪಿನ ಮಂಜು, ಕಂಪನ, ಆಘಾತ ಮೊದಲಾದ ಅನೇಕ ಪರೀಕ್ಷೆಗಳಿವೆ. ಖರೀದಿದಾರರು ಇಲ್ಲಿ ಒಂದು ವಿಷಯವನ್ನು ಚೆನ್ನಾಗಿ ತಿಳಿದಿರಬೇಕು. ಈ ಮಾನದಂಡಕ್ಕೆ ಪ್ರಮಾಣಪತ್ರ ನೀಡುವ ಕೇಂದ್ರ ಸಂಸ್ಥೆ ಯಾವುದೂ ಇಲ್ಲ. ತಯಾರಕರು ತಮಗೆ ಬೇಕಾದ ಪರೀಕ್ಷೆಗಳನ್ನು ಆರಿಸಿಕೊಂಡು, ತಾವೇ ನಡೆಸಿ ಅಥವಾ ಪ್ರಯೋಗಾಲಯವೊಂದರಲ್ಲಿ ನಡೆಸಿಸಿ, ‘ಉತ್ತೀರ್ಣ’ ಎಂದು ಹೇಳಿಕೊಳ್ಳಬಹುದು. ಆರು ವಿಷಯಗಳಲ್ಲಿ ಎರಡಕ್ಕೆ ಮಾತ್ರ ಪರೀಕ್ಷೆ ಬರೆದ ವಿದ್ಯಾರ್ಥಿಯ ಅಂಕಪಟ್ಟಿಯಂತೆ ಇದು. ಯಾವ ವಿಷಯಗಳೆಂದು ಕೇಳದೆ ನಂಬುವಂತಿಲ್ಲ.

ಬೀಳಿಸುವ ಪರೀಕ್ಷೆಯನ್ನೇ ನೋಡಬಹುದು. ಜಿ ಆವೃತ್ತಿಯಲ್ಲಿ ವಿವರಿಸಿರುವ ಸಾಗಣೆಯ ಬೀಳಿಕೆಯಲ್ಲಿ ಯಂತ್ರವನ್ನು 122 ಸೆಂಟಿಮೀಟರ್ ಎತ್ತರದಿಂದ ಒಟ್ಟು 26 ಬಾರಿ ಬೀಳಿಸಬೇಕು: ಆರು ಮುಖಗಳು, ಹನ್ನೆರಡು ಅಂಚುಗಳು, ಎಂಟು ಮೂಲೆಗಳು. ಆದರೆ ಈ 26 ಬೀಳಿಕೆಗಳನ್ನು ಐದು ಯಂತ್ರಗಳವರೆಗೆ ಹಂಚಲು ಅವಕಾಶವಿದೆ. ಅಂದರೆ ಒಂದೊಂದು ಯಂತ್ರ ಐದಾರು ಬಾರಿ ಬಿದ್ದಿದ್ದರೂ ಜಾಹೀರಾತಿನಲ್ಲಿ 26ರ ಸಂಖ್ಯೆಯೇ ಇರಬಹುದು. ಬಿದ್ದಾಗ ಯಂತ್ರ ಚಾಲನೆಯಲ್ಲಿತ್ತೇ, ಪರದೆ ತೆರೆದಿತ್ತೇ ಎಂಬುದನ್ನೂ ವಿವರಪಟ್ಟಿಯಲ್ಲಿ ಹುಡುಕಬೇಕು.

‘ಐಪಿ’ ಸಂಕೇತ ಇದಕ್ಕಿಂತ ಖಚಿತವಾದುದು. ಐಇಸಿ 60529 ಮಾನದಂಡದಂತೆ ಇದರ ಮೊದಲ ಅಂಕಿ ಧೂಳಿನ ತಡೆಯನ್ನು, ಎರಡನೆಯದು ನೀರಿನ ತಡೆಯನ್ನು ಸೂಚಿಸುತ್ತದೆ. ಮೊದಲ ಅಂಕಿ 5 ಆದರೆ ಸ್ವಲ್ಪ ಧೂಳು ಒಳಹೋದರೂ ಕೆಲಸಕ್ಕೆ ಅಡ್ಡಿಯಿಲ್ಲ. 6 ಆದರೆ ಧೂಳಿಗೆ ಪ್ರವೇಶವೇ ಇಲ್ಲ. ಎರಡನೆಯ ಅಂಕಿ 3 ಆದರೆ ಸಿಂಪಡಿಸಿದ ನೀರನ್ನು, 5 ಆದರೆ ಪೈಪಿನಿಂದ ಚಿಮ್ಮಿದ ನೀರನ್ನು ಯಂತ್ರ ತಡೆಯುತ್ತದೆ. ಅರೆ-ಒರಟು ವರ್ಗದ ಯಂತ್ರಗಳಲ್ಲಿ ಐಪಿ53, ಪೂರ್ಣ ಒರಟು ವರ್ಗದಲ್ಲಿ ಐಪಿ65 ಸಾಮಾನ್ಯ. ಕಿಂಡಿಗಳ ಮುಚ್ಚಳ ಹಾಕಿದ್ದರೆ ಮಾತ್ರ ಈ ಅಂಕಿಗಳಿಗೆ ಅರ್ಥ. ರಬ್ಬರ್ ಪಟ್ಟಿ ವರ್ಷಗಳು ಕಳೆದಂತೆ ಬಿರುಸಾಗುವುದರಿಂದ, ಬಳಸಿದ ಯಂತ್ರವನ್ನು ಕೊಳ್ಳುವವರು ಅದು ಹೊಸದಾಗಿದ್ದಾಗಿನ ಅಂಕಿಯನ್ನು ನಂಬಿ ಮಳೆಯಲ್ಲಿ ನಿಲ್ಲಬಾರದು.

ಯಂತ್ರದ ಆಯ್ಕೆ

ಪೂರ್ಣ ಒರಟು ಯಂತ್ರಗಳು ದುಬಾರಿ, ಭಾರ ಹೆಚ್ಚು. ಬಯಲಿನಲ್ಲಿ, ದೋಣಿಯಲ್ಲಿ, ಗಣಿಯಲ್ಲಿ ನಿತ್ಯ ಕೆಲಸ ಮಾಡುವವರಿಗೆ ಮಾತ್ರ ಅವು ಸಾರ್ಥಕ. ಬಸ್ಸಿನ ಪ್ರಯಾಣ, ಧೂಳಿನ ಕೋಣೆ, ಆಗಾಗ ಕೈಜಾರುವಿಕೆ ಇವಿಷ್ಟೇ ಸಮಸ್ಯೆಯಾದರೆ ಕಚೇರಿ ಬಳಕೆಯ ಗಟ್ಟಿ ಲ್ಯಾಪ್‌ಟಾಪ್ ಸಾಕು.

ಈ ಎರಡನೆಯ ವರ್ಗದಲ್ಲಿ ಲಿನಕ್ಸ್ ಬಳಕೆದಾರರು ಬಹುಕಾಲದಿಂದ ಮೆಚ್ಚಿರುವುದು ಥಿಂಕ್‌ಪ್ಯಾಡ್ ಟಿ ಸರಣಿಯನ್ನು. ಐಬಿಎಂ ಆರಂಭಿಸಿದ ಥಿಂಕ್‌ಪ್ಯಾಡ್ 2005ರಲ್ಲಿ ಲೆನೋವೊ ಪಾಲಾಯಿತು. ಚೆಲ್ಲಿದ ನೀರನ್ನು ತಡೆದುಕೊಳ್ಳುವ ಕೀಲಿಮಣೆ, ಎಲ್ಲರಿಗೂ ಉಚಿತವಾಗಿ ಸಿಗುವ ದುರಸ್ತಿ ಕೈಪಿಡಿ, ಹಳೆಯ ಮಾದರಿಗಳಿಗೂ ದೊರೆಯುವ ಬಿಡಿಭಾಗಗಳು ಇದರ ಬಲ. 2018ರ ಟಿ480 ಮಾದರಿಯಲ್ಲಿ ಒಳಗೊಂದು, ಹೊರಗೊಂದು ಬ್ಯಾಟರಿಯಿದ್ದು, ಯಂತ್ರವನ್ನು ಆರಿಸದೆಯೇ ಹೊರಗಿನದನ್ನು ಬದಲಾಯಿಸಬಹುದು. ಎರಡು ಮೆಮೊರಿ ಕಿಂಡಿಗಳೂ ಇವೆ. ಮುಂದಿನ ಟಿ490ರಲ್ಲಿ ಹೊರಗಿನ ಬ್ಯಾಟರಿಯನ್ನು ಕೈಬಿಡಲಾಯಿತು. ತೆಳ್ಳಗಾಗುವ ಸ್ಪರ್ಧೆಯಲ್ಲಿ ಮೆಮೊರಿಯನ್ನು ಮುಖ್ಯಫಲಕಕ್ಕೆ ಬೆಸುಗೆ ಹಾಕುವ ರೂಢಿ ಬೆಳೆದಿರುವುದು ಈ ಬಗೆಯ ಬಳಕೆದಾರರ ದೃಷ್ಟಿಯಲ್ಲಿ ಹಿನ್ನಡೆಯೇ ಸರಿ. 2021ರಿಂದ ಮಾರಾಟವಾಗುತ್ತಿರುವ ಫ್ರೇಮ್‌ವರ್ಕ್ ಲ್ಯಾಪ್‌ಟಾಪ್‌ನ ಭಾಗಗಳನ್ನು ಬಳಕೆದಾರನೇ ಬದಲಾಯಿಸಬಹುದು. ಆದರೆ ಅದು ನೀರು-ಧೂಳುಗಳಿಗಾಗಿ ಮಾಡಿದ ಯಂತ್ರವಲ್ಲ.

ಸಂಗ್ರಹಕ್ಕೆ ಎಸ್‌ಎಸ್‌ಡಿಯೇ ಬೇಕು. ತಿರುಗುವ ತಟ್ಟೆಗಳ ಹಾರ್ಡ್ ಡಿಸ್ಕ್ ಕುಲುಕಾಟವನ್ನು ತಡೆಯದು. ಹಿಂದಿನ ಥಿಂಕ್‌ಪ್ಯಾಡ್‌ಗಳಲ್ಲಿ ಬೀಳುವುದನ್ನು ಗುರುತಿಸಿ ಡಿಸ್ಕಿನ ಮುಳ್ಳನ್ನು ಬದಿಗೆ ಸರಿಸುವ ಏರ್ಪಾಡು ಇತ್ತು, ಅದಕ್ಕೆ ಲಿನಕ್ಸ್ ಡ್ರೈವರ್ ಕೂಡ ಇತ್ತು. ಎಸ್‌ಎಸ್‌ಡಿ ಬಂದ ಮೇಲೆ ಆ ಜಾಣ್ಮೆ ಅನಗತ್ಯವಾಯಿತು. ಪರದೆಯ ವಿಷಯದಲ್ಲಿ ಸಾಮಾನ್ಯ ಲ್ಯಾಪ್‌ಟಾಪಿನ 250–300 ನಿಟ್ ಪ್ರಕಾಶ ನೆರಳಿಗಷ್ಟೇ ಸಾಕು. ಬಿಸಿಲಿಗೆ 800–1000 ನಿಟ್ ಬೇಕಾಗುತ್ತದೆ. ಅಷ್ಟು ಪ್ರಕಾಶ ಬ್ಯಾಟರಿಯನ್ನು ಬೇಗ ಬರಿದುಮಾಡುತ್ತದೆ.

ಲಿನಕ್ಸ್ ಹೊಂದಾಣಿಕೆ

ಕರ್ನೆಲ್‌ನಲ್ಲಿ ಥಿಂಕ್‌ಪ್ಯಾಡ್ ಮತ್ತು ಪ್ಯಾನಸೋನಿಕ್ ಲ್ಯಾಪ್‌ಟಾಪ್‌ಗಳ ವಿಶೇಷ ಕೀಲಿಗಳಿಗಾಗಿ ಪ್ರತ್ಯೇಕ ಡ್ರೈವರ್‌ಗಳಿವೆ. ಹಾಗಿದ್ದರೂ ಬೆರಳಚ್ಚು ಓದುಗ, ಮೊಬೈಲ್ ಜಾಲದ ಮೋಡೆಮ್, ಸ್ಪರ್ಶಪರದೆ ಇವು ಮಾದರಿಯಿಂದ ಮಾದರಿಗೆ ಬೇರೆಯಾಗುತ್ತವೆ. ಕೊಳ್ಳುವ ಮುನ್ನ ಲೈವ್ ಯುಎಸ್‌ಬಿಯಿಂದ ಯಂತ್ರವನ್ನು ಚಾಲೂಮಾಡಿ ವೈ-ಫೈ, ಧ್ವನಿ, ಪ್ರಕಾಶದ ಕೀಲಿಗಳನ್ನು ನೋಡಬೇಕು. ಮುಖ್ಯವಾಗಿ ಪರದೆ ಮುಚ್ಚಿ ನಿದ್ರೆಗೆ ಹೋದ ಯಂತ್ರ ಸರಿಯಾಗಿ ಎಚ್ಚರಗೊಳ್ಳುವುದೇ ಎಂದು ಪರೀಕ್ಷಿಸಬೇಕು. ಚೀಲದೊಳಗೆ ಎಚ್ಚರವಾಗಿಯೇ ಉಳಿದು ಕಾದು ಬಿಸಿಯಾಗುವ ಲ್ಯಾಪ್‌ಟಾಪ್ ಎಷ್ಟು ಗಟ್ಟಿಯಿದ್ದರೂ ನಿಷ್ಪ್ರಯೋಜಕ.

ಹಂಚಿಕೆಗಳ ಪೈಕಿ ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಕಾಣುವ ಡೆಬಿಯನ್ ಸ್ಥಿರ ಶಾಖೆ, ಐದು ವರ್ಷ ಬೆಂಬಲವಿರುವ ಉಬುಂಟು ಎಲ್‌ಟಿಎಸ್, ಅದನ್ನು ಆಧರಿಸಿದ ಲಿನಕ್ಸ್ ಮಿಂಟ್ ಇವು ಕ್ಷೇತ್ರಕಾರ್ಯಕ್ಕೆ ಸೂಕ್ತ. ಜಾಲಸಂಪರ್ಕ ಅಪರೂಪವಾದ ಕಡೆ ವಾರವಾರವೂ ಬದಲಾಗುವ ವ್ಯವಸ್ಥೆ ಹೊರೆಯೇ. 32 ಬಿಟ್‌ನ ಬಹಳ ಹಳೆಯ ಯಂತ್ರ ಇಟ್ಟುಕೊಂಡವರು, 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಅಂತಹ ಪಿಸಿಗಳಿಗೆ ಅನುಸ್ಥಾಪಕ ಇಲ್ಲವೆಂಬುದನ್ನು ಗಮನಿಸಬೇಕು.

ಡೆಸ್ಕ್‌ಟಾಪ್ ಪರಿಸರ

ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್ ಪರಿಸರವನ್ನು ಬಳಕೆದಾರನೇ ಆರಿಸಿಕೊಳ್ಳಬಹುದು. ಒರಟು ಬಳಕೆಯಲ್ಲಿ ಅಂದಕ್ಕಿಂತ ಮೂರು ಗುಣಗಳು ಮುಖ್ಯ: ಕಡಿಮೆ ಮೆಮೊರಿಯಲ್ಲಿ ನಡೆಯುವುದು, ಬಿಸಿಲಿನಲ್ಲೂ ಒದ್ದೆ ಕೈಯಲ್ಲೂ ಬಳಸಲು ಬರುವುದು, ನಿನ್ನೆ ಇದ್ದ ಗುಂಡಿ ಇಂದೂ ಅಲ್ಲೇ ಇರುವುದು.

ಮೂರನೆಯ ಗುಣದಲ್ಲಿ ಎಕ್ಸ್‌ಎಫ್‌ಸಿಇಯನ್ನು ಮೀರಿಸುವುದು ಕಷ್ಟ. ಒಲಿವಿಯೆ ಫೂರ್ದಾ 1996ರಲ್ಲಿ ಆರಂಭಿಸಿದ ಈ ಪರಿಸರದ 4.16, 4.18 ಮತ್ತು 4.20 ಆವೃತ್ತಿಗಳು ಕ್ರಮವಾಗಿ 2020, 2022 ಮತ್ತು 2024ರ ಡಿಸೆಂಬರಿನಲ್ಲಿ ಬಂದವು. ಅವುಗಳ ನಡುವಿನ ವ್ಯತ್ಯಾಸ ಬಳಕೆದಾರನ ಕಣ್ಣಿಗೆ ಹೆಚ್ಚು ಬೀಳುವುದಿಲ್ಲ. 4 ಜಿಬಿ ಮೆಮೊರಿಯ ಯಂತ್ರಕ್ಕೆ ಇದು ನೆಮ್ಮದಿಯ ಆಯ್ಕೆ. ದೌರ್ಬಲ್ಯವಿರುವುದು ಸ್ಪರ್ಶಪರದೆಯಲ್ಲಿ: ಯಂತ್ರವನ್ನು ತಿರುಗಿಸಿದಂತೆ ಪರದೆ ತಾನೇ ತಿರುಗಲು, ಪರದೆಯ ಮೇಲೆ ಕೀಲಿಮಣೆ ಮೂಡಲು ಪ್ರತ್ಯೇಕ ಏರ್ಪಾಡು ಬೇಕು. ಗ್ನೋಮ್ 3 ಬಂದ 2011ರಲ್ಲಿ ಹಳೆಯ ಗ್ನೋಮ್ 2ನ್ನು ಉಳಿಸಿಕೊಳ್ಳಲೆಂದೇ ಹುಟ್ಟಿದ ಮಾಟೆ ಕೂಡ ಇದೇ ಜಾಯಮಾನದ್ದು. ಎಲ್‌ಎಕ್ಸ್‌ಕ್ಯೂಟಿ ಇವೆರಡಕ್ಕಿಂತ ಸರಳ.

ಸ್ಪರ್ಶಪರದೆಯ, ಟ್ಯಾಬ್ಲೆಟ್ಟಾಗಿ ಬೇರ್ಪಡುವ ಯಂತ್ರಗಳಿಗೆ 1997ರಲ್ಲಿ ಆರಂಭವಾದ ಗ್ನೋಮ್ ಒಗ್ಗುತ್ತದೆ. ಅದರ ಗುಂಡಿಗಳು ದೊಡ್ಡವು. ಪರದೆ ತಿರುಗುವಿಕೆಯೂ ಕೀಲಿಮಣೆಯೂ ಅಂತರ್ಗತ. 2025ರ ಮಾರ್ಚಿನ 48ನೆಯ ಆವೃತ್ತಿಯಿಂದ, ಬೆಂಬಲವಿರುವ ಯಂತ್ರಗಳಲ್ಲಿ ಬ್ಯಾಟರಿಯನ್ನು ಶೇಕಡ 80ರ ಆಸುಪಾಸಿನಲ್ಲೇ ನಿಲ್ಲಿಸುವ ಆಯ್ಕೆಯೂ ಇದೆ. ದಿನವಿಡೀ ಚಾರ್ಜರಿಗೆ ಅಂಟಿಕೊಂಡು ಬಿಸಿಯಲ್ಲಿ ಕೂರುವ ಬ್ಯಾಟರಿ ಬೇಗ ಸೊರಗುತ್ತದೆ, ಕೆಲವೊಮ್ಮೆ ಊದಿಕೊಳ್ಳುತ್ತದೆ. ಆದುದರಿಂದ ಇದು ಸಣ್ಣ ಸೌಲಭ್ಯವಲ್ಲ. ಇತರ ಪರಿಸರಗಳಲ್ಲಿ ಟಿಎಲ್‌ಪಿ ಎಂಬ ತಂತ್ರಾಂಶದಿಂದ ಇದನ್ನು ಸಾಧಿಸಬಹುದು.

ಮಥಿಯಾಸ್ ಎಟ್ರಿಶ್ 1996ರಲ್ಲಿ ಆರಂಭಿಸಿದ ಕೆಡಿಇಯ ಪ್ಲಾಸ್ಮಾ ಎಲ್ಲವನ್ನೂ ತಿದ್ದಿಕೊಳ್ಳಲು ಬಿಡುತ್ತದೆ. ಒಂದೇ ಯಂತ್ರ ಹಲವರ ಕೈಸೇರುವ ಕಡೆ ಸಂಯೋಜನೆಗಳಿಗೆ ಬೀಗ ಹಾಕುವ ‘ಕಿಯೋಸ್ಕ್’ ಸೌಲಭ್ಯವೂ ಅದರಲ್ಲಿದೆ.

ಯಾವ ಪರಿಸರವಾದರೂ ಹೊರಾಂಗಣದಲ್ಲಿ ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರವೇ ಲೇಸು. ಈಗ ರೂಢಿಯಾಗಿರುವ ಕಪ್ಪು ಹಿನ್ನೆಲೆ ಬಿಸಿಲಿನಲ್ಲಿ ಕನ್ನಡಿಯಾಗಿ ಬಳಕೆದಾರನ ಮುಖವನ್ನೇ ತೋರಿಸುತ್ತದೆ. ಇನ್ನೊಂದು ಮಾತು: ಹಗುರ ಡೆಸ್ಕ್‌ಟಾಪ್ ಆರಿಸಿಯೂ ಬ್ರೌಸರಿನಲ್ಲಿ ಇಪ್ಪತ್ತು ಪುಟಗಳನ್ನು ತೆರೆದಿಟ್ಟರೆ ಉಳಿಸಿದ ಮೆಮೊರಿಯೆಲ್ಲ ಅಲ್ಲೇ ಕರಗುತ್ತದೆ.

ವಿದ್ಯುತ್ ಕಡಿತ ಮತ್ತು ಕಡತಗಳ ರಕ್ಷಣೆ

ಲ್ಯಾಪ್‌ಟಾಪಿನ ಬ್ಯಾಟರಿಯೇ ಒಂದು ಯುಪಿಎಸ್. ಆದರೆ ಬ್ಯಾಟರಿ ಹಳತಾದಾಗ, ಬಿದ್ದ ಹೊಡೆತಕ್ಕೆ ಕಳಚಿಕೊಂಡಾಗ ಯಂತ್ರ ಒಮ್ಮೆಲೇ ಆರುತ್ತದೆ. 2008ರ ಡಿಸೆಂಬರಿನ 2.6.28 ಕರ್ನೆಲ್‌ನಲ್ಲಿ ಸ್ಥಿರವೆಂದು ಘೋಷಿತವಾದ ಇಎಕ್ಸ್‌ಟಿ4 ಕಡತ ವ್ಯವಸ್ಥೆ, ಮಾಡಲಿರುವ ಬದಲಾವಣೆಯನ್ನು ಮೊದಲು ದಿನಚರಿಯಲ್ಲಿ ಬರೆದುಕೊಂಡು ಅನಂತರ ಜಾರಿಗೊಳಿಸುತ್ತದೆ. ಆದುದರಿಂದ ಮತ್ತೆ ಚಾಲೂ ಮಾಡಿದಾಗ ಕಡತಗಳ ರಚನೆ ಸಾಮಾನ್ಯವಾಗಿ ಸುಸ್ಥಿತಿಯಲ್ಲಿರುತ್ತದೆ. ಸಾಮಾನ್ಯ ಸಂಯೋಜನೆಯಲ್ಲಿ ಈ ದಿನಚರಿಯು ರಚನೆಯನ್ನು ಕಾಯುತ್ತದೆಯೇ ಹೊರತು ಕೊನೆಯ ಅರ್ಧ ನಿಮಿಷದಲ್ಲಿ ಬರೆದು ಇನ್ನೂ ಮೆಮೊರಿಯಲ್ಲೇ ಇದ್ದ ವಿಷಯವನ್ನಲ್ಲ. ಲಿಬ್ರೆಆಫೀಸ್‌ನ ಸ್ವಯಂ ಉಳಿಕೆಯ ಅಂತರವನ್ನು ಒಂದೆರಡು ನಿಮಿಷಕ್ಕೆ ಇಳಿಸುವುದು ಒಳ್ಳೆಯದು.

ಬಿಟಿಆರ್‌ಎಫ್‌ಎಸ್ ವ್ಯವಸ್ಥೆಯಲ್ಲಿ ಹಿಂದಿನ ಸ್ಥಿತಿಗೆ ಮರಳುವ ಸ್ನ್ಯಾಪ್‌ಶಾಟ್ ಸೌಲಭ್ಯವಿದೆ. ಲಿನಕ್ಸ್ ಮಿಂಟ್‌ನಲ್ಲಿರುವ ಟೈಮ್‌ಶಿಫ್ಟ್ ಕೂಡ ಇದೇ ಬಗೆಯದು. ಇವನ್ನು ಪ್ರತಿರಕ್ಷಣೆ ಎಂದು ಭಾವಿಸಿ ಮೋಸಹೋದವರು ಅನೇಕರು. ಟೈಮ್‌ಶಿಫ್ಟ್ ಸಹಜ ಸ್ಥಿತಿಯಲ್ಲಿ ಬಳಕೆದಾರನ ಸ್ವಂತ ಕಡತಗಳನ್ನು ಸೇರಿಸಿಕೊಳ್ಳುವುದೇ ಇಲ್ಲ. ಸ್ನ್ಯಾಪ್‌ಶಾಟ್ ಸಾಮಾನ್ಯವಾಗಿ ಇರುವುದು ಅದೇ ಡಿಸ್ಕಿನಲ್ಲಿ. ಡಿಸ್ಕ್ ಹೋದರೆ ಅದೂ ಹೋಯಿತು. ದಿನದ ಕೊನೆಗೆ ಆರ್‌ಸಿಂಕ್ ಮೂಲಕ ಬೇರೊಂದು ಡಿಸ್ಕಿಗೆ ಪ್ರತಿ ತೆಗೆದು, ಅದನ್ನು ಬೇರೆ ಚೀಲದಲ್ಲಿ ಇಡಬೇಕು.

ಕಳುವಿನ ಭಯವಿದ್ದರೆ ಅನುಸ್ಥಾಪನೆಯ ಸಮಯದಲ್ಲೇ ಲಕ್ಸ್ ಗೂಢಲಿಪೀಕರಣವನ್ನು ಆರಿಸಬಹುದು. ಗುಪ್ತಪದ ಮರೆತರೆ ಅಥವಾ ಡಿಸ್ಕಿನ ಆರಂಭದಲ್ಲಿರುವ ಅದರ ಶಿರೋಭಾಗ ಕೆಟ್ಟರೆ ಮಾಲೀಕನಿಗೂ ದಾರಿಯಿಲ್ಲ. ಆದುದರಿಂದ ಶಿರೋಭಾಗದ ಪ್ರತಿಯೊಂದನ್ನು ಹೊರಗೆ ಇಟ್ಟಿರಬೇಕು.

ಕನ್ನಡದಲ್ಲಿ ಬಳಕೆ

ಕನ್ನಡ ಬರೆಯಲು ಐಬಸ್ ಮತ್ತು ಎಂ17ಎನ್ ಮೂಲಕ ಇನ್‌ಸ್ಕ್ರಿಪ್ಟ್, ಕಗಪ ಮೊದಲಾದ ವಿನ್ಯಾಸಗಳು ದೊರೆಯುತ್ತವೆ. ಹಗುರ ಡೆಸ್ಕ್‌ಟಾಪ್ ಬಳಸುವವರಿಗೆ ಇನ್ನೂ ಸುಲಭವಾದ ಮಾರ್ಗವಿದೆ: ಕೀಲಿಮಣೆಯ ಸಾಮಾನ್ಯ ಸಂಯೋಜನೆಗಳಲ್ಲೇ ಕನ್ನಡದ ಕಗಪ ವಿನ್ಯಾಸ ಅಡಕವಾಗಿದ್ದು, ಅದಕ್ಕೆ ಹಿನ್ನೆಲೆಯಲ್ಲಿ ನಡೆಯುವ ಬೇರೆ ತಂತ್ರಾಂಶ ಬೇಕಿಲ್ಲ. ಲೋಹಿತ್ ಮತ್ತು ನೋಟೊ ಅಲ್ಲದೆ ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಶೈಲಿಗಳೂ ಡೆಬಿಯನ್‌ನ ಭಂಡಾರದಲ್ಲಿವೆ. ಜಾಲವಿಲ್ಲದ ಊರಿಗೆ ಹೊರಡುವ ಮುನ್ನವೇ ಇವನ್ನು ಅಳವಡಿಸಿ, ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ಒಂದು ಪುಟ ಬರೆದು ನೋಡಬೇಕು.