ಸೈಬರ್ ಸೆಂಟರ್‌ನವರು ಹಾಕಿಕೊಟ್ಟ ಪಾಸ್‌ವರ್ಡ್ ಇನ್ನೂ ಹಾಗೇ ಇದೆಯಾ? ಇವತ್ತೇ ಬದಲಿಸಿ

ತುಮಕೂರು: ಎಸ್‌ಎಸ್‌ಪಿ ಸ್ಕಾಲರ್‌ಶಿಪ್, ಸೇವಾ ಸಿಂಧು, ಜಿಎಸ್‌ಟಿ... ಅರ್ಜಿ ಯಾವುದೇ ಇರಲಿ, ಗುಬ್ಬಿ, ಕುಣಿಗಲ್ ಕಡೆ ಸುಮಾರು ಜನ ಹೋಗೋದು ಸೈಬರ್ ಸೆಂಟರ್‌ಗೆ. ಜಿಮೇಲ್ ಇಲ್ಲ ಅಂದ್ರೆ ಅಲ್ಲೇ ಒಂದು ಮಾಡಿಕೊಡ್ತಾರೆ. ಹೆಸರಿನ ಮುಂದೆ 123 ಸೇರಿಸಿದರೆ ಪಾಸ್‌ವರ್ಡ್ ರೆಡಿ. ಸೆಂಟರ್‌ನವರು ಕೆಟ್ಟವರು ಅಂತಲ್ಲ. ಆದರೆ ನಮ್ಮ ಮನೆ ಬೀಗದ ಕೈ ಅವರ ನೋಟ್‌ಬುಕ್ಕಿನಲ್ಲೇ ಉಳಿದುಬಿಡುತ್ತೆ.

ಮೇಲ್ ಯಾಕೆ ಮುಖ್ಯ?
ಬೇರೆ ಖಾತೆಯ ಪಾಸ್‌ವರ್ಡ್ ಮರೆತರೆ ಹೊಸದು ಮಾಡೋ ಲಿಂಕ್ ಹೆಚ್ಚಾಗಿ ಬರೋದು ಮೇಲ್‌ಗೇ. ಮೇಲ್ ಸಿಕ್ಕವರಿಗೆ ಉಳಿದ ಬಾಗಿಲೂ ತೆರೆದ ಹಾಗೆ. ಆ ಪಾಸ್‌ವರ್ಡ್ ಇನ್ನೆಲ್ಲೂ ಬಳಸಬೇಡಿ.

ಯಾವುದು ಗಟ್ಟಿ?
ಉದ್ದ ಇದ್ದಷ್ಟೂ ಗಟ್ಟಿ. ಅಂಗಡಿ ಹೆಸರು, ಮಕ್ಕಳ ಹೆಸರು, ಮನೆದೇವರು, ಕೆಎ 06 ಗಾಡಿ ನಂಬರ್ ಬೇಡ. ಇವು ಊರಿಗೇ ಗೊತ್ತು. ಸಂಬಂಧವೇ ಇಲ್ಲದ ನಾಲ್ಕು ಪದ ಜೋಡಿಸಿ: ಹಲಸು, ಛತ್ರಿ, ಸೋಮವಾರ, ಬಾಣಲೆ ಅನ್ನೋ ಥರ. ಇಂಗ್ಲಿಷ್ ಅಕ್ಷರದಲ್ಲಿ ಒಟ್ಟಿಗೆ ಟೈಪ್ ಮಾಡಿ. ಇದನ್ನೇ ಹಾಕಬೇಡಿ, ನಿಮ್ಮದೇ ಪದ ಹುಡುಕಿ. ನೆನಪಿರಲ್ವಾ? ಬರೆದು ಬೀರುವಿನಲ್ಲಿಡಿ. ಗಲ್ಲಾ ಮೇಲೆ ಅಂಟಿಸಬೇಡಿ, ವಾಟ್ಸಾಪ್‌ನಲ್ಲಿ ಕಳಿಸಬೇಡಿ.

ಅಂಗಡಿಯವರ ಯುಪಿಐ ಪಿನ್
ನಾಲ್ಕು ಅಂಕಿ ಪಿನ್‌ಗೆ 10,000 ಸಾಧ್ಯತೆ, ಆರು ಅಂಕಿಗೆ 10 ಲಕ್ಷ. ಹುಟ್ಟಿದ ತಾರೀಖು, ತಿಂಗಳು ಹಾಕಿದರೆ ಬರೀ 366. ಫೋನ್ ಲಾಕ್‌ಗೂ ಯುಪಿಐಗೂ ಒಂದೇ ಪಿನ್ ಇಡಬೇಡಿ. ನೀವು ಲಾಕ್ ತೆಗೆಯೋದನ್ನು ಗಿರಾಕಿಗಳು ದಿನಾ ನೋಡ್ತಿರ್ತಾರೆ. ದುಡ್ಡು ಬರೋದಕ್ಕೆ ಪಿನ್ ಬೇಕೇ ಇಲ್ಲ. "ದುಡ್ಡು ಹಾಕ್ತೀವಿ, ಪಿನ್ ಒತ್ತಿ" ಅಂದ್ರೆ ಅದು ಮೋಸ.

ಇವತ್ತು ಮಾಡಬೇಕಾದ್ದು
1. ಜಿಮೇಲ್ ಪಾಸ್‌ವರ್ಡ್ ನಿಮ್ಮ ಫೋನಿನಲ್ಲೇ ಬದಲಿಸಿ.
2. ರಿಕವರಿ ನಂಬರ್ ನಿಮ್ಮದೇನಾ ನೋಡಿ. ಸೆಂಟರ್‌ನವರದಿದ್ದರೆ ತೆಗೆದು ನಿಮ್ಮದು ಹಾಕಿ.
3. ಗೂಗಲ್ ಖಾತೆಯ ಸೆಕ್ಯುರಿಟಿ ಭಾಗದಲ್ಲಿ ಲಾಗಿನ್ ಆಗಿರೋ ಸಾಧನಗಳ ಪಟ್ಟಿ ಇರುತ್ತೆ. ನಿಮ್ಮದಲ್ಲದ್ದನ್ನು ಸೈನ್ ಔಟ್ ಮಾಡಿ.
4. ಅಲ್ಲೇ ಟು ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ. ಆಗ ಪಾಸ್‌ವರ್ಡ್ ಗೊತ್ತಾದ್ರೂ ನಿಮ್ಮ ಫೋನ್ ಇಲ್ಲದೆ ಒಳಗೆ ಬರೋದು ಕಷ್ಟ.

ದುಡ್ಡು ಹೋದರೆ
ತಡ ಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕ್‌ಗೂ ತಿಳಿಸಿ. ಆರ್‌ಬಿಐನ 2017ರ ಸುತ್ತೋಲೆ ಪ್ರಕಾರ, ನಾವೇ ಪಿನ್ ಅಥವಾ ಒಟಿಪಿ ಹೇಳಿ ಹೋದ ದುಡ್ಡು ಬ್ಯಾಂಕ್‌ಗೆ ತಿಳಿಸೋವರೆಗೆ ನಮ್ಮದೇ ನಷ್ಟ. ತಿಳಿಸಿದ ಮೇಲೆ ಹೋದರೆ ಬ್ಯಾಂಕ್ ಹೊಣೆ. ಅದಕ್ಕೇ ಬೆಳಗ್ಗೆ ನೋಡೋಣ ಅಂತ ಮಲಗಬೇಡಿ, ಆಗಲೇ ಫೋನ್ ಮಾಡಿ.