ಎಲ್ಲಾ ಹವಾಮಾನಕ್ಕೂ ಒಂದೇ ಟೈರು!

"ಮಾವ್ರ, ಹೆಂಗೂ ಟೈರ್ ಬದಲಿ ಮಾಡಸ್ಲಿಕ್ಕ ಹೊಂಟೀರಿ, ಆಲ್-ವೆದರ್ ಹಾಕಿಸಿಬಿಡ್ರಿ. ಮಳಿ, ಬಿಸಲು, ಚಳಿ ಯಾವುದಕ್ಕೂ ಚಿಂತಿ ಇಲ್ಲ."

ಮಾಂಟ್ರಿಯಲ್‌ನಿಂದ ಅಳಿಯಂದಿರು ಫೋನಿನಲ್ಲಿ ಹೇಳಿದ್ದು ಇಷ್ಟೇ. ಆದರೆ ಆ ಒಂದು ಪದ ನನ್ನನ್ನು ಎರಡು ವಾರ ಕಾಡಿತು. ಎಲ್ಲಾ ಹವಾಮಾನ ಅಂದರೆ ಯಾರ ಹವಾಮಾನ? ಅವರದೋ, ನಮ್ಮದೋ?

ಮೊದಲು ಟೈರು ಬದಲಾಯಿಸುವ ಪ್ರಸಂಗ ಯಾಕೆ ಬಂತು ಅನ್ನೋದನ್ನ ಹೇಳಿಬಿಡ್ತೀನಿ. 2024ರ ಜುಲೈ. ಪುಣೆಯಿಂದ ಧಾರವಾಡಕ್ಕೆ ಹೊರಟಿದ್ದೆವು. ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಎಂಬತ್ತು ದಾಟಿದ ಅವ್ವ. ಖಂಬಾಟಕಿ ಘಾಟು ದಾಟಿ ಸಾತಾರಾ ಕಡೆಗೆ ಹೊರಟಾಗ ಮಳೆ ಜೋರಾಯಿತು. ಸ್ಪೀಡು ಹೆಚ್ಚೇನಿರಲಿಲ್ಲ, ಎಂಬತ್ತೈದರ ಆಸುಪಾಸು. ರಸ್ತೆಯಲ್ಲಿ ನೀರು ನಿಂತಿದ್ದ ಒಂದು ಕಡೆ ಸ್ಟಿಯರಿಂಗ್ ಇದ್ದಕ್ಕಿದ್ದ ಹಾಗೆ ಹಗುರಾಯಿತು. ತಿರುಗಿಸಿದರೆ ತಿರುಗುತ್ತದೆ, ಕಾರು ಮಾತ್ರ ಕೇಳುತ್ತಿಲ್ಲ. ಒಂದೆರಡು ಸೆಕೆಂಡು ಇದ್ದಿರಬಹುದು, ಅಷ್ಟೇ. ಬ್ರೇಕ್ ಒತ್ತಲಿಲ್ಲ. ಜಾಣತನದಿಂದಲ್ಲ, ಕೈಕಾಲು ಆಡಲಿಲ್ಲ! ಕಾರು ಪಕ್ಕದ ಲೇನಿಗೆ ಜಾರಿ ತಾನಾಗಿಯೇ ನೆಲ ಹಿಡಿಯಿತು. ಪುಣ್ಯಕ್ಕೆ ಆ ಲೇನಿನಲ್ಲಿ ಲಾರಿ ಇರಲಿಲ್ಲ. ಬದಿಗೆ ಹಾಕಿ ನಿಲ್ಲಿಸಿದೆ. ಅವ್ವ ಎಚ್ಚರಾಗಿ "ಯಾಕೋ ತಮ್ಮಾ, ಚಾ ಕುಡಿಯೂದೇನು?" ಅಂದಳು.

ಧಾರವಾಡ ಮುಟ್ಟಿದ ಮೇಲೆ ಟೈರು ನೋಡಿದೆ. "ಗೀರು ಇನ್ನೂ ಹಂಗ ಅದಾವಲ್ಲ, ಅದಕೇನ್ ಧಾಡಿ ಆಗೇದ?" ಅಂದಳು ಹೆಂಡತಿ. ಅವಳು ಹೇಳಿದ್ದು ಸುಳ್ಳಲ್ಲ. ಮೂರು ಮಿಲಿಮೀಟರ್ ಆಳ ಇತ್ತು. ಕಾಯಿದೆ ಕೇಳುವುದು 1.6 ಮಿ.ಮೀ. ಮಾತ್ರ. ಆದರೆ ಟೈರಿನ ಪಕ್ಕದಲ್ಲಿ ಡಾಟ್ ಅಂತ ಶುರುವಾಗುವ ಅಕ್ಷರಗಳ ಕೊನೆಗೆ 3517 ಎಂದಿತ್ತು. ಅಂದರೆ 2017ನೇ ಇಸವಿಯ 35ನೇ ವಾರದಲ್ಲಿ ತಯಾರಾದದ್ದು. ಹತ್ತಿರ ಹತ್ತಿರ ಏಳು ವರ್ಷ! ಹವಾ ನೋಡಿಸಿದರೆ 32 ಇರಬೇಕಾದಲ್ಲಿ 24. ಯಾವಾಗ ಹೊಡೆಸಿದ್ದೆ ಅನ್ನೋದೇ ನೆನಪಿಲ್ಲ. ತಿಂಗಳು ತಿಂಗಳು ಗ್ರಾಹಕರ ಕಂತು ತಪ್ಪದ ಹಾಗೆ ನೋಡುವವನು, ನನ್ನ ಕಾರಿನ ಹವಾ ನೋಡಿರಲಿಲ್ಲ.

ಇರಲಿ. ಆಮೇಲೆ ಅಳಿಯಂದಿರ ಫೋನು, ಮತ್ತೆ ನನ್ನ ಓದು. ಓದುತ್ತಾ ಹೋದಂತೆ ತಿಳಿದದ್ದೇನೆಂದರೆ ಟೈರಿನ ಚರಿತ್ರೆ ಅನ್ನೋದು ಹವಾಮಾನದ ಜೊತೆಗಿನ ಜಗಳದ ಚರಿತ್ರೆ. ಮತ್ತೆ ಆ ಜಗಳ ಊರಿಂದ ಊರಿಗೆ ಬೇರೆ ಬೇರೆ.

ಕಥೆ ರಬ್ಬರಿನಿಂದಲೇ ಶುರು. 1830ರ ದಶಕದಲ್ಲಿ ಅಮೆರಿಕದಲ್ಲಿ ರಬ್ಬರಿನ ಹುಚ್ಚು ಹಿಡಿದಿತ್ತು. ಬೂಟು, ಕೋಟು, ಚೀಲ ಎಲ್ಲ ರಬ್ಬರಿನವು. ತೊಂದರೆ ಏನಪ್ಪಾ ಅಂದರೆ ಬೇಸಿಗೆಯಲ್ಲಿ ಅದು ಅಂಟಂಟಾಗಿ ಕರಗುತ್ತಿತ್ತು, ಚಳಿಯಲ್ಲಿ ಹಪ್ಪಳದಂತೆ ಒಡೆಯುತ್ತಿತ್ತು. ಚಾರ್ಲ್ಸ್ ಗುಡ್‌ಇಯರ್ ಎಂಬಾತ ಸರ್ಕಾರಕ್ಕೆ ಮಾಡಿಕೊಟ್ಟ ಅಂಚೆ ಚೀಲಗಳು ಸೆಕೆಗೆ ಕೆಟ್ಟುಹೋದವು. ಸಾಲಗಾರರ ಕಾಟ, ಜೈಲುವಾಸ ಎಲ್ಲ ಕಂಡ ಮನುಷ್ಯ. 1839ರಲ್ಲಿ ಗಂಧಕ ಬೆರೆಸಿದ ರಬ್ಬರು ಬಿಸಿ ಒಲೆಗೆ ತಾಗಿದಾಗ ಕರಗದೆ ಚರ್ಮದ ಹಾಗೆ ಗಟ್ಟಿಯಾದದ್ದನ್ನು ಕಂಡ. ಅದೇ ವಲ್ಕನೈಸೇಶನ್. 1844ರಲ್ಲಿ ಪೇಟೆಂಟ್ ಸಿಕ್ಕಿತು, ದುಡ್ಡು ಮಾತ್ರ ಸಿಗಲಿಲ್ಲ. 1860ರಲ್ಲಿ ಸಾಲ ಬಿಟ್ಟು ಸತ್ತ. ಅವನ ಹೆಸರಿನ ಟೈರು ಕಂಪನಿ ಹುಟ್ಟಿದ್ದು 1898ರಲ್ಲಿ, ಬೇರೆಯವರಿಂದ. ಅವನ ಮನೆತನಕ್ಕೂ ಕಂಪನಿಗೂ ಸಂಬಂಧವೇ ಇಲ್ಲ. ಹಾಗೆ ನೋಡಿದರೆ ಜಗತ್ತಿನ ಮೊದಲ 'ಆಲ್-ವೆದರ್' ಸಾಧನೆ ಅವನದೇ.

ಮುಂದಿನದು ಗಾಳಿಯ ಸರದಿ. 1845ರಲ್ಲಿ ಸ್ಕಾಟ್‌ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದ. ಆಗಿನ್ನೂ ಕಾರೂ ಇಲ್ಲ, ಈಗಿನಂಥ ಸೈಕಲ್ಲೂ ಇಲ್ಲ. ಹಾಗಾಗಿ ಎಲ್ಲರೂ ಮರೆತರು. 1888ರಲ್ಲಿ ಬೆಲ್‌ಫಾಸ್ಟಿನ ದನದ ಡಾಕ್ಟರು ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರು ಚಕ್ರದ ಸೈಕಲ್ಲು ಕುಲುಕದಿರಲಿ ಅಂತ ಮಾಡಿದ್ದಕ್ಕೆ ಹೊಸದಾಗಿ ಪೇಟೆಂಟ್ ಪಡೆದ. ಥಾಮ್ಸನ್ನನ ಹಳೆಯ ಕಾಗದ ಹೊರಬಂದು ಆ ಪೇಟೆಂಟ್ ಬಿದ್ದುಹೋಯಿತು, ಡನ್‌ಲಪ್ ಹೆಸರು ಉಳಿಯಿತು.

ಆಗಿನ ಟೈರುಗಳು ಬಿಳಿಚಾಗಿದ್ದವು ಮತ್ತು ನುಣ್ಣಗಿದ್ದವು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ರಬ್ಬರಿಗೆ ಕಾರ್ಬನ್ ಬ್ಲಾಕ್, ಅಂದರೆ ಒಂದು ಬಗೆಯ ಮಸಿ, ಬೆರೆಸಿದ ಮೇಲೆ ಅವು ಕಪ್ಪಾದವು. ಜೊತೆಗೆ ಸವೆತವೂ ಕಡಿಮೆಯಾಯಿತು. ಆದರೆ ನುಣ್ಣನೆಯ ಟೈರು ಒದ್ದೆ ರಸ್ತೆಯಲ್ಲಿ ಜಾರುತ್ತಿತ್ತಲ್ಲ! 1908ರಲ್ಲಿ ಫೈರ್‌ಸ್ಟೋನ್ ಕಂಪನಿ ಒಂದು ಉಪಾಯ ಮಾಡಿತು. ಟೈರಿನ ಮೈಮೇಲೆ 'ನಾನ್ ಸ್ಕಿಡ್' ಎಂಬ ಅಕ್ಷರಗಳನ್ನೇ ಉಬ್ಬಾಗಿ ಕೂಡಿಸಿತು. ಕಾರು ಹೋದಲ್ಲೆಲ್ಲ ಕೆಸರಿನಲ್ಲಿ ಜಾಹೀರಾತು ಅಚ್ಚಾಗುತ್ತಿತ್ತು. ಹಿಡಿತವೂ ಬಂತು, ಪ್ರಚಾರವೂ ಬಂತು. ಅದೇ ಕಾಲದಲ್ಲಿ ಗುಡ್‌ಇಯರ್ ವಜ್ರಾಕಾರದ ಉಬ್ಬುಗಳಿದ್ದ ಟೈರನ್ನು 'ಆಲ್-ವೆದರ್ ಟ್ರೆಡ್' ಎಂಬ ಹೆಸರಿನಲ್ಲೇ ಮಾರಿತು. ನಮ್ಮ ಅಳಿಯಂದಿರ ಪದಕ್ಕೆ ನೂರು ವರ್ಷಕ್ಕೂ ಮೀರಿ ವಯಸ್ಸಾಗಿದೆ!

ಹಿಮದ ಊರಿನವರಿಗೆ ಇಷ್ಟು ಸಾಕಾಗಲಿಲ್ಲ. ಫಿನ್‌ಲೆಂಡಿನ ರಬ್ಬರು ಕಾರ್ಖಾನೆಯೊಂದು 1934ರಲ್ಲಿ ಲಾರಿಗಳಿಗಾಗಿ ಹಿಮದ ಟೈರು ಮಾಡಿತು. ಅದರ ಹೆಸರು 'ಕೆಲಿರೆಂಗಾಸ್', ಅಂದರೆ ಹವಾಮಾನದ ಟೈರು. ಎರಡು ವರ್ಷದ ನಂತರ ಕಾರಿಗೂ ಬಂತು. (ಅಂದ ಹಾಗೆ ಇದೇ ಕಾರ್ಖಾನೆ 1967ರಲ್ಲಿ ವಿಲೀನವಾಗಿದ್ದು ನೋಕಿಯಾದಲ್ಲಿ. ಹೌದು, ನಮ್ಮೆಲ್ಲರ ಜೇಬಿನಲ್ಲಿದ್ದ ಅದೇ ನೋಕಿಯಾ.) ಚಳಿಗಾಲಕ್ಕೊಂದು, ಬೇಸಿಗೆಗೊಂದು, ಹೀಗೆ ಎರಡೆರಡು ಜೊತೆ ಟೈರು ಇಟ್ಟುಕೊಳ್ಳುವ ಪದ್ಧತಿ ಆ ಕಡೆ ಬೆಳೆಯಿತು.

ಮಧ್ಯೆ ಇನ್ನೊಂದು ದೊಡ್ಡ ಬದಲಾವಣೆ ಆಯಿತು. ಹಳೆಯ ಕ್ರಾಸ್-ಪ್ಲೈ ಟೈರಿನಲ್ಲಿ ಒಳಗಿನ ದಾರಗಳು ಒಂದರ ಮೇಲೊಂದು ಓರೆಯಾಗಿ ಹಾಯುತ್ತವೆ. ಪಕ್ಕೆ ಬಳುಕಿದರೆ ನೆಲಕ್ಕೆ ತಾಗುವ ಮೈಯೂ ಬಳುಕುತ್ತದೆ. ಫ್ರಾನ್ಸಿನ ಮಿಶೆಲಿನ್ 1946ರಲ್ಲಿ ಪೇಟೆಂಟ್ ಪಡೆದು 1949ರಲ್ಲಿ ಮಾರುಕಟ್ಟೆಗೆ ತಂದ ರೇಡಿಯಲ್ ಟೈರಿನಲ್ಲಿ ದಾರಗಳು ಅಂಚಿನಿಂದ ಅಂಚಿಗೆ ನೇರ. ಮೇಲೆ ಉಕ್ಕಿನ ತಂತಿಯ ಪಟ್ಟಿ. ಪಕ್ಕೆ ಎಷ್ಟೇ ಬಳುಕಲಿ, ಮೈ ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಬಾಳಿಕೆಯೂ ಹೆಚ್ಚು, ಹಿಡಿತವೂ ಹೆಚ್ಚು.

ಈಗ 1977ಕ್ಕೆ ಬನ್ನಿ. ಆ ವರ್ಷ ಅಮೆರಿಕದಲ್ಲಿ ಗುಡ್‌ಇಯರ್ 'ಟಿಯೆಂಪೊ' ಎಂಬ ಆಲ್-ಸೀಸನ್ ರೇಡಿಯಲ್ ಬಿಟ್ಟಿತು. ವರ್ಷಕ್ಕೆರಡು ಸಲ ಟೈರು ಬಿಚ್ಚಿ ಹಾಕುವ ಕಷ್ಟ ತಪ್ಪಿತು ಅಂತ ಜನ ಮುಗಿಬಿದ್ದರು. ಅದೇ 1977ರಲ್ಲಿ ನಮ್ಮ ದೇಶದಲ್ಲಿ ಜೆ.ಕೆ. ಕಂಪನಿ ಮೊದಲ ರೇಡಿಯಲ್ ಟೈರು ತಯಾರಿಸಿತು. ಅಲ್ಲಿಯವರು ಹಿಮಕ್ಕೂ ಬಿಸಿಲಿಗೂ ಒಂದೇ ಟೈರು ಹುಡುಕುತ್ತಿದ್ದಾಗ ನಮ್ಮ ಅಂಬಾಸಿಡರ್, ಫಿಯಾಟ್‌ಗಳು ಬಹುಮಟ್ಟಿಗೆ ಕ್ರಾಸ್-ಪ್ಲೈ ಮೇಲೆಯೇ ಓಡುತ್ತಿದ್ದವು.

ಹಾಗಂತ ನಮ್ಮಲ್ಲಿ ಟೈರು ಹೊಸದೇನಲ್ಲ. ಬಂಗಾಳದ ಸಾಹಗಂಜ್‌ನಲ್ಲಿ ಡನ್‌ಲಪ್ ಕಾರ್ಖಾನೆ 1936ರಲ್ಲೇ ಬಂದಿತ್ತು. 1946ರಲ್ಲಿ ಮದ್ರಾಸಿನಲ್ಲಿ ಕೆ.ಎಂ. ಮಾಮ್ಮನ್ ಮಾಪ್ಪಿಳ್ಳೈ ಆಟಿಕೆ ಬಲೂನು ಮಾಡಲು ಶುರುಮಾಡಿದ ಶೆಡ್ಡೇ ಮುಂದೆ ಎಂಆರ್‌ಎಫ್ ಆಯಿತು. ಇಟಲಿಯ ತುರಿನ್ ಮೂಲದ ಸಿಯೆಟ್ 1958ರಲ್ಲಿ ಮುಂಬಯಿಗೆ ಬಂತು. ನಮ್ಮ ಮೈಸೂರಿನ ವಿಕ್ರಾಂತ್ ಟೈರ್ಸ್ ರಾಜ್ಯ ಸರ್ಕಾರದ ಬೆಂಬಲದಿಂದ ಹುಟ್ಟಿ 1997ರಲ್ಲಿ ಜೆ.ಕೆ. ಕೈಸೇರಿತು.

ಇನ್ನು ಅಳಿಯಂದಿರ ಊರಿನ ವಿಷಯ. ಆಲ್-ಸೀಸನ್ ಟೈರಿನ ಮೇಲೆ 'ಎಂ+ಎಸ್', ಅಂದರೆ ಕೆಸರು ಮತ್ತು ಹಿಮ, ಅಂತ ಕಂಪನಿಗಳು ತಾವೇ ಬರೆದುಕೊಳ್ಳುತ್ತಿದ್ದವು. ಪರೀಕ್ಷೆ ಗಿರೀಕ್ಷೆ ಏನೂ ಬೇಕಿರಲಿಲ್ಲ. ಹಾಗಾಗಿ 1999ರಲ್ಲಿ ಮೂರು ಶಿಖರದೊಳಗೆ ಒಂದು ಹಿಮದ ಹರಳು ಇರುವ ಚಿಹ್ನೆ ಬಂತು. ಹಿಮದ ಮೇಲೆ ಪರೀಕ್ಷೆ ಪಾಸಾದ ಟೈರಿಗೆ ಮಾತ್ರ ಅದು. ಕ್ವಿಬೆಕ್ ಪ್ರಾಂತ 2008ರಲ್ಲಿ ಚಳಿಗಾಲದ ಟೈರನ್ನು ಕಡ್ಡಾಯ ಮಾಡಿತು, 2014ರಿಂದ ಈ ಚಿಹ್ನೆ ಇರಲೇಬೇಕು ಅಂದಿತು. ವರ್ಷವಿಡೀ ಓಡಿಸಬಹುದಾದ, ಆದರೂ ಈ ಚಿಹ್ನೆ ಇರುವ ಟೈರಿಗೆ ಅವರು ಆಲ್-ವೆದರ್ ಅನ್ನುತ್ತಾರೆ. ಅಳಿಯಂದಿರಿಗೆ ಅದು ವರವೇ ಸರಿ. ಎರಡು ಜೊತೆ ಟೈರಿನ ಖರ್ಚಿಲ್ಲ, ಇಡಲು ಜಾಗ ಹುಡುಕುವ ಗೋಜಿಲ್ಲ.

ಆದರೆ ಆ ಟೈರಿನ ಗುಟ್ಟು ಏನು? ಸುಮಾರು 7 ಡಿಗ್ರಿಗಿಂತ ಕೆಳಗೂ ಗಟ್ಟಿಯಾಗದ ಮೆತ್ತನೆಯ ರಬ್ಬರು, ಮತ್ತು ಹಿಮ ಕಚ್ಚುವ ಸಣ್ಣ ಸಣ್ಣ ಸೀಳುಗಳು. ಪುಣೆಯಲ್ಲಿ ಏಪ್ರಿಲ್ ಬಿಸಿಲು 40 ಮುಟ್ಟುತ್ತದೆ, ಡಾಂಬರು ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಅಲ್ಲಿ ಆ ಮೆತ್ತನೆಯ ರಬ್ಬರು ಬೇಗ ಸವೆಯುತ್ತದೆ, ಒಣ ರಸ್ತೆಯ ಬ್ರೇಕಿನಲ್ಲೂ ಸ್ವಲ್ಪ ಹಿಂದೆ. ಬಾರದ ಹಿಮಕ್ಕೆ ಪ್ರೀಮಿಯಂ ಕಟ್ಟಿದ ಹಾಗೆ :-)

ನಮ್ಮ ಜಗಳ ಹಿಮದ ಜೊತೆ ಅಲ್ಲ, ನಿಂತ ನೀರಿನ ಜೊತೆ. ಅದರ ಲೆಕ್ಕ ಕೊಟ್ಟದ್ದು ನಾಸಾ! ಒದ್ದೆ ರನ್‌ವೇಯಲ್ಲಿ ವಿಮಾನಗಳು ಯಾಕೆ ಜಾರುತ್ತವೆ ಅಂತ ಅಲ್ಲಿನ ವಾಲ್ಟರ್ ಹಾರ್ನ್ ಮತ್ತು ರಾಬರ್ಟ್ ಡ್ರೆಹರ್ 1963ರಲ್ಲಿ ಬರೆದರು. ಗೀರುಗಳು ಹೊರಹಾಕಲಾರದಷ್ಟು ನೀರಿದ್ದಾಗ ಟೈರು ನೀರಿನ ಮೇಲೆ ತೇಲುತ್ತದೆ. ಯಾವ ವೇಗದಲ್ಲಿ ಅನ್ನೋದು ಮುಖ್ಯವಾಗಿ ಗಾಳಿಯ ಒತ್ತಡದ ಮೇಲೆ ನಿಂತಿದೆ. ಒತ್ತಡದ ವರ್ಗಮೂಲಕ್ಕೆ 10.35ರಿಂದ ಗುಣಿಸಿದರೆ ಗಂಟೆಗೆ ಇಷ್ಟು ಮೈಲಿ ಅಂತ ಬರುತ್ತದೆ. ಬ್ಯಾಂಕಿನವನಿಗೆ ಲೆಕ್ಕ ಕೊಟ್ಟರೆ ಬಿಡುತ್ತಾನೆಯೇ? 32ಕ್ಕೆ ಹಾಕಿದೆ: ಗಂಟೆಗೆ ಸುಮಾರು 94 ಕಿ.ಮೀ. 24ಕ್ಕೆ ಹಾಕಿದೆ: ಸುಮಾರು 82. ನಾನು ಹೋಗುತ್ತಿದ್ದದ್ದು 85.

ಆ ಎರಡು ಅಂಕಿಗಳನ್ನು ನೋಡುತ್ತಾ ಸುಮಾರು ಹೊತ್ತು ಕೂತಿದ್ದೆ. ಇದು ಮೋಟು ಲೆಕ್ಕ, ಗೊತ್ತು. ಗೀರಿನ ಆಳ, ನೀರಿನ ಆಳ, ರಸ್ತೆಯ ಒರಟುತನ ಎಲ್ಲ ಸೇರಬೇಕು. ಆದರೂ ಆ ಅಂತರದಲ್ಲಿ ಅವ್ವ ನಿದ್ದೆ ಮಾಡುತ್ತಿದ್ದಳಲ್ಲ!

ಕೊನೆಗೆ ನಾನು ತೆಗೆದುಕೊಂಡದ್ದು ಅದೇ ಅಳತೆಯ ಸಾಧಾರಣ ರೇಡಿಯಲ್. ನೋಡಿದ್ದು ನಾಲ್ಕೇ ಸಂಗತಿ. ಒಂದು, ಸುತ್ತಲೂ ಹರಿಯುವ ಅಗಲವಾದ ಗೀರುಗಳು, ನೀರು ಹೊರಹೋಗಲಿಕ್ಕೆ. ಎರಡು, ತಯಾರಾದ ವಾರ. ಅಂಗಡಿಯವನು ಮೊದಲು ತಂದದ್ದು ಎರಡು ವರ್ಷ ಹಳೆಯದು. ವಾಪಸು ಕಳಿಸಿ ಮೂರು ತಿಂಗಳೊಳಗಿನದು ತರಿಸಿದೆ. ಮೂರು, ಐಎಸ್‌ಐ ಗುರುತು. ನಾಲ್ಕು, ಒದ್ದೆ ರಸ್ತೆಯ ಹಿಡಿತ. 2022ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇದಕ್ಕೂ ಉರುಳು ಪ್ರತಿರೋಧಕ್ಕೂ ಶಬ್ದಕ್ಕೂ ಮಾನದಂಡ ಹಾಕಿ ಅಧಿಸೂಚನೆ ಹೊರಡಿಸಿದೆ. ಅದರ ಪ್ರಕಾರದ ಟೈರೇ ಬೇಕು ಅಂತ ಕೇಳಿದೆ. ನಾಲ್ಕನ್ನೂ ಬದಲಿಸಿದೆ. ನಿಮಗೆ ಎರಡೇ ಸಾಕೆನಿಸಿದರೆ ಹೊಸವನ್ನು ಹಿಂದಕ್ಕೆ ಹಾಕಿಸಿ. ಹಿಂದಿನ ಚಕ್ರ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಸಂಭಾಳಿಸುವುದು ಕಷ್ಟ.

ಅಳಿಯಂದಿರಿಗೆ ಫೋನು ಮಾಡಿ ಹೇಳಿದೆ. "ನಿಮ್ಮ ಆಲ್-ವೆದರ್ ನಿಮಗ ಖರೇನ ಛಲೋ ರೀ. ನಮ್ಮ ವೆದರ್ ಬ್ಯಾರೆ." ಅವರು ನಕ್ಕು, "ಹವಾ ಮಾತ್ರ ನೋಡಿಸ್ಕೋತ ಇರ್ರಿ ಮಾವ್ರ" ಅಂದರು. ಪ್ರತಿ ತಿಂಗಳ ಒಂದನೇ ತಾರೀಕು ಈಗ ಅದೇ ಕೆಲಸ.

ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಕೆಳಗಿಳಿದು ಹೋಗಿ ನಿಮ್ಮ ಕಾರಿನ ಟೈರಿನ ಮೇಲಿರುವ ಆ ನಾಲ್ಕು ಅಂಕಿಗಳನ್ನು ನೋಡಿ ಬನ್ನಿ. ಗೀರು ಎಷ್ಟೇ ಚೆನ್ನಾಗಿ ಕಾಣಲಿ, ವಯಸ್ಸಾದ ರಬ್ಬರು ಗಟ್ಟಿಯಾಗಿರುತ್ತದೆ. ನಾನು ಏಳು ವರ್ಷ ನೋಡಿರಲಿಲ್ಲ.